ತಂತಿ ಕಟ್ಟಿದ ನಿಂಬೆಹಣ್ಣು

ನಿಂಬೆಹಣ್ಣು ಕೊಯ್ದ ವಾಸನೆ ಬಂದರೆ ಬೇರೆಯವರಿಗೆ ಪಾನಕವೋ ಉಪ್ಪಿನಕಾಯಿಯೋ ನೆನಪಾಗಬಹುದು. ನನಗೆ ನೆನಪಾಗುವುದು ಕಂಪ್ಲಿಯ ಒಂದು ಮಾಳಿಗೆ, ಅಲ್ಲಿನ ಕಾದ ಗಚ್ಚು, ಗೋಡೆಗೆ ಕೂರಿಸಿದ ಎ.ಸಿ.ಯ ಹೊರಗಿನ ಡಬ್ಬಿ, ಅದರ ಮುಂದೆ ಸೋಪಿನ ನೊರೆ ಹಿಡಿದು ಕುಕ್ಕರಗಾಲಿನಲ್ಲಿ ಕೂತ ನಾನು. ಹೋದ ವಾರ ಶಾಂತಮ್ಮನವರ ಲ್ಯಾಬಿಗೆ ವರ್ಷದ ಸರ್ವಿಸಿಗೆಂದು ಹೋಗಿದ್ದೆ. ಬಾಗಿಲು ತಳ್ಳಿದರೆ ಅದೇ ವಾಸನೆ. ಅವರು ಮೇಜಿನ ಮೂಲೆಯಲ್ಲಿ ನಿಂಬೆಹಣ್ಣು ಕೊಯ್ಯುತ್ತಿದ್ದರು. ಐದು ವರ್ಷದ ಹಿಂದಿನ ಒಂದು ಬೇಸಿಗೆ, ಕರೆಯದೆ ಬಂದ ನೆಂಟರ ಹಾಗೆ, ನನ್ನ ಹಿಂದೆಯೇ ಒಳಗೆ ಬಂತು.

ನಾನು ಹೊಸಪೇಟೆಯಲ್ಲಿ ಎ.ಸಿ. ರಿಪೇರಿ ಮಾಡುವವಳು. ಹೆಸರು ರೇಣುಕಾ, ಹುಟ್ಟಿದ್ದು ಪಾಪಿನಾಯಕನಹಳ್ಳಿ. ಐ.ಟಿ.ಐ. ಮುಗಿಸಿ ನಾಲ್ಕು ವರ್ಷ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡಿದೆ. ಶಿಫ್ಟ್ ಬಸ್ಸಿನ ಕಿಟಕಿಗೆ ತಲೆ ಬಡಿದು ಬಡಿದು ಸಾಕಾಗಿ, ಆ ಬೇಸಿಗೆಯ ಹಿಂದಿನ ದಸರೆಗೆ ಎರಡು ತಿಂಗಳು ಮುಂಚೆ ಸೋದರಮಾವನ ಅಂಗಡಿಗೆ ಸೇರಿಕೊಂಡೆ. ಕೊಟ್ರೇಶಿ ಮಾವ ಮೂವತ್ತು ವರ್ಷದಿಂದ ಫ್ರಿಜ್ಜು, ಕೂಲರು, ಎ.ಸಿ. ಎಲ್ಲವನ್ನೂ ಬಿಚ್ಚಿ ಕಟ್ಟಿದ ಮನುಷ್ಯ. ಅಷ್ಟರಲ್ಲಿ ಅವನ ಮೊಣಕಾಲು ಕೈಕೊಟ್ಟಿದ್ದವು. ಏಣಿ ಹತ್ತುವುದು ನನ್ನ ಪಾಲಿಗೆ ಬಂತು, ಸ್ಟೂಲಿನ ಮೇಲೆ ಕೂತು ಬೈಯುವುದು ಅವನ ಪಾಲಿಗೆ ಉಳಿಯಿತು.

ಹೋದ ಕಡೆಯಲ್ಲೆಲ್ಲ ಒಂದೇ ಪ್ರಶ್ನೆ. ಸ್ಕೂಟಿಯಿಂದ ಚೀಲ ಇಳಿಸಿ, ಗೇಜು ತೆಗೆದು, ಏಣಿ ಗೋಡೆಗೆ ಆನಿಸಿದ ಮೇಲೂ ಮನೆಯವರು ಬೀದಿಯ ತುದಿ ನೋಡುತ್ತಾ ಕೇಳುತ್ತಿದ್ದರು, "ಮೇಸ್ತ್ರಿ ಯಾವಾಗ ಬರ್ತಾರವಾ?" ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಬಂದಾರ, ಏಣಿ ಮ್ಯಾಲೆ ಅದಾರ ನೋಡ್ರಿ" ಎಂದು ಹತ್ತಿಬಿಡುತ್ತಿದ್ದೆ. ಹತ್ತಿದ ಮೇಲೆ ಮಾತ್ರ ಅದು ಚುಚ್ಚುತ್ತಲೇ ಇರುತ್ತಿತ್ತು.

ಮಾವ ಕಲಿಸಿದ್ದು ಎರಡೇ ಮಾತು. ಒಂದು: "ಎ.ಸಿ. ತಂಪು ಮಾಡಂಗಿಲ್ಲ ರೇಣು. ಮನಿ ಒಳಗಿನ ಸೆಕಿ ಹೊತ್ಕೊಂಡು ಹೊರಗ ಒಗೀತೈತಿ. ಹೊರೋ ಕೂಲಿ ಗ್ಯಾಸಿಂದು. ಅದು ಖರ್ಚಾಗೋ ವಸ್ತು ಅಲ್ಲ. ಕಡಿಮಿ ಆತಂದ್ರ ಎಲ್ಲೋ ತೂತು ಬಿದ್ದೈತಿ ಅಂತನ ಅರ್ಥ." ಇನ್ನೊಂದು: "ಎಣ್ಣಿ ಇದ್ದಲ್ಲಿ ತೂತು." ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಚೂರುಚೂರು ತಿರುಗುತ್ತಿರುತ್ತದೆ. ಗ್ಯಾಸ್ ಸೋರುವುದು ಕಣ್ಣಿಗೆ ಕಾಣುವುದಿಲ್ಲ, ಸೋರಿದ ಕಡೆ ಎಣ್ಣೆಯ ಕಲೆ ಕಾಣುತ್ತದೆ. ಅಲ್ಲಿ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಈ ಎರಡು ಮಾತಿನ ಮೇಲೆ ಮಾವ ಮೂವತ್ತು ವರ್ಷ ಸಂಸಾರ ಮಾಡಿದ್ದ.

ಅವನದು ಇನ್ನೊಂದು ಪದ್ಧತಿಯಿತ್ತು. ಹೊಸ ಎ.ಸಿ. ಕೂರಿಸಿದ ದಿನ ಹೊರಗಿನ ಡಬ್ಬಿಗೆ ಕುಂಕುಮ ಇಟ್ಟು, ಮುಂದಿನ ಜಾಲರಿಗೆ ಕರಿ ದಾರದಲ್ಲಿ ಒಂದು ನಿಂಬೆಹಣ್ಣು ಕಟ್ಟಿ ಬರುವುದು. "ದಿನಪೂರ್ತಿ ಬಿಸಲಾಗ ನಿಂತು ದುಡಿಯೋ ಜೀವ ಅದು. ದೃಷ್ಟಿ ಆಗಬಾರದು" ಅನ್ನುತ್ತಿದ್ದ. ನಾನು ನಕ್ಕೆ. ಗಿರಾಕಿಗಳು ನಗಲಿಲ್ಲ, ಅವರಿಗೆ ಅದು ಭಾಳ ಹಿಡಿಸುತ್ತಿತ್ತು. ಆದರೆ ನಮ್ಮ ಬಿಸಿಲಿಗೆ ದಾರ ಎಷ್ಟು ದಿನ ತಡೆದೀತು? ತಿಂಗಳಲ್ಲಿ ಹರಿದು ಹಣ್ಣು ಕೆಳಗೆ ಬೀಳುತ್ತಿತ್ತು, ಫೋನ್ ಬರುತ್ತಿತ್ತು: "ನಿಂಬಿಹಣ್ಣು ಬಿತ್ತವಾ, ಏನಾರ ಆಕ್ಕೈತೇನು?" ಎ.ಸಿ. ಕೆಟ್ಟರೂ ಅಷ್ಟು ಗಾಬರಿಯಿಂದ ಮಾತಾಡುತ್ತಿರಲಿಲ್ಲ ಅವರು.

ನಾನು ಐ.ಟಿ.ಐ. ಓದಿದವಳಲ್ಲವೇ, ಇದನ್ನು ಸುಧಾರಿಸಿದೆ. ಕಟ್ಟಡದವರು ಸರಳು ಬಿಗಿಯಲು ಬಳಸುವ ಕಬ್ಬಿಣದ ತಂತಿಯನ್ನು ಹಣ್ಣಿನೊಳಗೆ ತೂರಿಸಿ, ಡಬ್ಬಿಯಿಂದ ಹೊರಬರುವ ಸಣ್ಣ ತಾಮ್ರದ ಪೈಪಿಗೆ ಎರಡು ಸುತ್ತು ಸುತ್ತಿ, ಇಕ್ಕಳದಿಂದ ಬಿಗಿ ಮಾಡಿದೆ. ಬಿರುಗಾಳಿ ಬಂದರೂ ಬೀಳದ ನಿಂಬೆಹಣ್ಣು. ಏಣಿ ಹತ್ತಲಾರದ ಮಾವನಿಗೆ ಇದು ಗೊತ್ತೇ ಇರಲಿಲ್ಲ. ನಾನೂ ಹೇಳಲಿಲ್ಲ, ಹೇಳುವಂಥ ದೊಡ್ಡ ವಿಷಯ ಅದು ಎಂದು ಅನ್ನಿಸಿರಲೂ ಇಲ್ಲ.

ಆ ದಸರೆಯಲ್ಲಿ ಹಾಗೆ ಕಟ್ಟಿದ ಮೊದಲ ಹಣ್ಣು ಶಾಂತಮ್ಮನವರದು. ಅವರು ಚೋರನೂರಿನ ಕಡೆಯವರು. ಹದಿನೈದು ವರ್ಷ ಬೇರೆಯವರ ಲ್ಯಾಬಿನಲ್ಲಿ ರಕ್ತ ತೆಗೆದು, ಕೊನೆಗೆ ಕಂಪ್ಲಿಯಲ್ಲಿ ಎರಡು ಕೋಣೆಯ ಸ್ವಂತ ಲ್ಯಾಬು ತೆರೆದಿದ್ದರು. ಒಳಕೋಣೆಯಲ್ಲಿ ರಕ್ತ ಪರೀಕ್ಷೆಯ ಮಷಿನ್. ಕೋಣೆ ಕಾದರೆ ಅದು ಪೀಂ ಪೀಂ ಎಂದು ಕೂಗಿ ನಿಂತುಬಿಡುತ್ತಿತ್ತು. ಹಾಗಾಗಿ ಅಲ್ಲಿ ಎ.ಸಿ. ಸುಖಕ್ಕಲ್ಲ, ಅದು ನಿಂತರೆ ಲ್ಯಾಬೇ ನಿಂತಂತೆ. ಅವರೂ ಮೊದಲ ದಿನ ಮೇಸ್ತ್ರಿಯನ್ನು ಕೇಳಿದವರೇ. ಕೆಲಸ ಮುಗಿದಾಗ ಮಾತ್ರ ನನ್ನ ಕೈ ನೋಡಿ, "ಚಲೋ ಬಿಗಿ ಮಾಡೀಯವಾ" ಅಂದರು. ಪೈಪನ್ನು ನೋಡಿ ಹೇಳಿದರೋ ನಿಂಬೆಹಣ್ಣನ್ನು ನೋಡಿ ಹೇಳಿದರೋ ಕೇಳಲಿಲ್ಲ.

ಶಿವರಾತ್ರಿ ಕಳೆದ ವಾರ ಅಲ್ಲಿಂದ ಮೊದಲ ಫೋನ್ ಬಂತು. ಎ.ಸಿ. ತಿರುಗುತ್ತದೆ, ತಂಪಿಲ್ಲ. ಹೋಗಿ ನೋಡಿದರೆ ಸಣ್ಣ ಪೈಪಿನ ಮೇಲೆ ಮಂಜು ಕಟ್ಟಿದೆ, ಗ್ಯಾಸ್ ಕಡಿಮೆಯಾದ ಗುರುತು. ಪೈಪ್ ಜೋಡಿಸಿದ ನಟ್ಟುಗಳಿಗೆಲ್ಲ ನೊರೆ ಹಚ್ಚಿದೆ. ಒಂದು ಗುಳ್ಳೆ ಏಳಲಿಲ್ಲ. ನಟ್ಟುಗಳನ್ನು ಇನ್ನೊಂದು ಎಳೆ ಬಿಗಿ ಮಾಡಿ, ಗ್ಯಾಸ್ ತುಂಬಿ ಬಂದೆ.

ಮಾವ ಕೇಳಿದ, "ತೂತು ಎಲ್ಲಿತ್ತು?"

"ಸಿಗಲಿಲ್ಲ. ನಟ್ಟು ಸಡಿಲಿತ್ತು ಅನ್ನಸ್ತೈತಿ."

"ಅನ್ನಸ್ತೈತಿ ಅಂದ್ರ ರಿಪೇರಿ ಅಲ್ಲ ಲೇ, ಜ್ಯೋತಿಷ್ಯ" ಎಂದ. ನನಗೆ ಸಿಟ್ಟು ಬಂತು.

ಆ ಬೇಸಿಗೆಯಲ್ಲಿ ಸಿಟ್ಟು ಹಿಡಿದು ಕೂರಲಿಕ್ಕೂ ಪುರುಸೊತ್ತು ಇರಲಿಲ್ಲ. ಬೆಳಿಗ್ಗೆ ಎಂಟಕ್ಕೇ ಬಂಡೆಗಳು ಕಾಯುತ್ತಿದ್ದವು. ಒಂದು ದಿನ ಸಂಡೂರು, ಒಂದು ದಿನ ಕಮಲಾಪುರ, ಇನ್ನೊಂದು ದಿನ ಹೊಸಪೇಟೆಯಲ್ಲೇ ಹತ್ತು ಮನೆ. ಸಂಡೂರಿನ ಡಬ್ಬಿಗಳ ಬೆನ್ನು ತೊಳೆದರೆ ಅದಿರಿನ ಕೆಂಪು ನೀರು ಮಾಳಿಗೆಯಿಂದ ತೂಬಿನಲ್ಲಿ ಇಳಿದು ಬೀದಿಗೆ ಹರಿಯುತ್ತಿತ್ತು. ಅಲ್ಲೊಬ್ಬ ಅಜ್ಜಿ ಪ್ರತಿಸಲ ಕೊಡ ಎಣಿಸಿ, "ಮೂರು ಕೊಡಾ ಮಣ್ಣು ಕುಡಿದೈತಿ ನೋಡು ಈ ಸಲ" ಎಂದು ಮಗುವಿನ ಹಾಗೆ ಎ.ಸಿ.ಯನ್ನು ಗದರಿಸುತ್ತಿದ್ದಳು. ತೊಳೆದು, ಒರೆಸಿ, ಸ್ವಿಚ್ ಹಾಕಿದಾಗ ಒಳಗಿನ ಮುದುಕರು, ಎಳೆಮಕ್ಕಳು ಕಣ್ಣು ಮುಚ್ಚಿ ಗಾಳಿಗೆ ಮುಖ ಕೊಡುತ್ತಾರಲ್ಲ, ಅದನ್ನು ಕಿಟಕಿಯಿಂದ ನೋಡುವುದು ನನಗೆ ಇಷ್ಟ. ಮೈಯೆಲ್ಲ ಉಪ್ಪುಗಟ್ಟಿದ್ದರೂ ಆ ಬೇಸಿಗೆಯಲ್ಲಿ ನಾನು ಸುಖವಾಗಿದ್ದೆ. ಕಂಪ್ಲಿಯೊಂದು ಬಿಟ್ಟು.

ಯುಗಾದಿಯ ನಂತರ ಮತ್ತೆ ಫೋನ್. ಮತ್ತೆ ಗ್ಯಾಸ್ ಇಲ್ಲ. ಈ ಸಲ ಒಳಗಿನ ಯೂನಿಟ್ಟನ್ನೂ ಬಿಚ್ಚಿದೆ. ಗೋಡೆಯೊಳಗಿನ ಪೈಪ್ ಹೊರಗೆಳೆದು ಪರೀಕ್ಷಿಸಿದೆ. ಸೋರುವುದು ಜೋಡಣೆಯಲ್ಲಿ, ನೇರ ಪೈಪು ಸೋರುವುದಿಲ್ಲ ಎಂದು ನಮ್ಮ ಕಸುಬಿನವರು ಕಣ್ಣುಮುಚ್ಚಿ ನಂಬುತ್ತಾರೆ, ನಾನೂ ನಂಬಿದ್ದೆ. ನಿಂಬೆಹಣ್ಣಿನ ಸುತ್ತ ಪೈಪಿಗೆ ಎಣ್ಣೆ ಮೆತ್ತಿದ್ದು ಕಂಡಿತ್ತು. ಆದರೆ ಶಾಂತಮ್ಮನವರು ಪ್ರತಿ ಶುಕ್ರವಾರ ಎಣ್ಣೆಯಲ್ಲಿ ಕಲೆಸಿದ ಕುಂಕುಮವನ್ನು ಅಲ್ಲೇ ಹಚ್ಚುತ್ತಿದ್ದರು, ಅಮಾವಾಸ್ಯೆಗೊಮ್ಮೆ ಹಳೆ ಹಣ್ಣು ಕಿತ್ತು ಅದೇ ತಂತಿಗೆ ಹೊಸದನ್ನು ಚುಚ್ಚುತ್ತಿದ್ದರು. ಪೂಜೆಯ ಎಣ್ಣೆ ಎಂದುಕೊಂಡು, ಕೈ ತಾಗದ ಹಾಗೆ ಭಕ್ತಿಯಿಂದ ಪಕ್ಕಕ್ಕೆ ಸರಿದು ಉಳಿದದ್ದಕ್ಕೆಲ್ಲ ನೊರೆ ಹಚ್ಚಿ, ಏನೂ ಸಿಗದೆ ಮತ್ತೆ ಗ್ಯಾಸ್ ತುಂಬಿ ಬಂದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ಮೂರನೆಯ ಸಲ ಎ.ಸಿ. ಕೈಕೊಟ್ಟಾಗ ರೋಹಿಣಿ ಮಳೆಗೆ ಇನ್ನೂ ಹತ್ತು ದಿನವಿತ್ತು. ಅದೊಂದು ಶುಕ್ರವಾರ ಮಧ್ಯಾಹ್ನ. ಮಷಿನ್ ಕೆಲಸದ ನಡುವೆಯೇ ನಿಂತು, ಒಳಗಿದ್ದ ರಕ್ತವೆಲ್ಲ ವ್ಯರ್ಥವಾಗಿ, ಬಂದವರಿಗೆ ಮತ್ತೆ ಸೂಜಿ ಚುಚ್ಚಬೇಕಾಯಿತು. ಅದರಲ್ಲಿ ಒಬ್ಬಳು ತುಂಬು ಬಸುರಿ. ಅದೇ ಬೀದಿಯ ಹಿರಿಯ ಡಾಕ್ಟರು ತಮ್ಮ ರೋಗಿಗಳನ್ನೆಲ್ಲ ಶಾಂತಮ್ಮನವರ ಹತ್ತಿರವೇ ಕಳಿಸುತ್ತಿದ್ದರು. ಲ್ಯಾಬು ನಡೆಯುತ್ತಿದ್ದುದೇ ಅವರಿಂದ.

"ಡಾಕ್ಟರು ಸೋಮವಾರದಿಂದ ಬಳ್ಳಾರಿಗೆ ಕಳಿಸ್ತೀನಿ ಅಂದಾರ" ಎಂದರು ಶಾಂತಮ್ಮನವರು ಫೋನಿನಲ್ಲಿ. ದನಿ ಏರಿಸಿರಲಿಲ್ಲ. "ತಪ್ಪು ಅವರದಲ್ಲವಾ. ಬಸುರಿ ಹೆಣ್ಣುಮಗಳಿಗೆ ಎರಡ ಸಲ ಸೂಜಿ ಚುಚ್ಚಿದ್ರ ಯಾರು ಸುಮ್ಮನಿರ್ತಾರ? ಅವರು ಬಿಟ್ರ ನಾ ಬಾಗಲಾ ಹಾಕೋದ." ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಮರುದಿನ ಬರುತ್ತೇನೆಂದು ಹೇಳಿ ಫೋನ್ ಇಟ್ಟೆ. ಬಂದು ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಕಂಪ್ಲಿಗೆ ಹೋಗುವ ಮುಂಚೆ ಹಂಪಿಯ ದಾರಿಯಲ್ಲಿ ಒಂದು ಕೆಲಸವಿತ್ತು. ನಿವೃತ್ತ ಮೇಷ್ಟ್ರು, ಆಚಾರ್ಯರೊಬ್ಬರು ಅಲ್ಲಿ ನಾಲ್ಕು ಕೋಣೆಯ ವಸತಿಗೃಹ ನಡೆಸುತ್ತಿದ್ದರು. ಕೋತಿಗಳು ಎ.ಸಿ. ಪೈಪಿನ ಮೇಲಿನ ಸ್ಪಂಜನ್ನು ಕಿತ್ತು ತಿಂದಿದ್ದವು. ನಾನು ಹೋದಾಗ ಅವರು ಅಂಗಳದಲ್ಲಿ ಕೋಲು ಹಿಡಿದು ನಿಂತಿದ್ದರು. ಎದುರಿನ ಬಂಡೆಯ ಮೇಲೆ ಕೋತಿಯೊಂದು ನಿಂಬೆಹಣ್ಣಿನ ತಂತಿಯನ್ನು ಹಲ್ಲಿನಿಂದ ಎಳೆಯುತ್ತಾ ಕೂತಿತ್ತು.

"ನೀನು ಕಟ್ಟಿದ್ದನ್ನು ಹನುಮಪ್ಪ ಒಪ್ಪಿಸಿಕೊಂಡ ನೋಡಮ್ಮ" ಎಂದರು ಆಚಾರ್ಯರು. "ಸುಲಭಕ್ಕೆ ಬರಲಿಲ್ಲ. ಪಾಪ, ಅರ್ಧ ತಾಸು ಎಳೆದಾಡಿದ."

ನಗುತ್ತಾ ಏಣಿ ಹತ್ತಿದೆ. ಹಣ್ಣು ಹೋದ ಜಾಗದಲ್ಲಿ ಪೈಪು ಬೋಳಾಗಿತ್ತು. ಒರೆಸಿ ನೋಡಿದೆ. ತಾಮ್ರದ ಮೇಲೆ ಎರಡು ಸುತ್ತು ಗೀರು, ಬಿಗಿ ಬಳೆ ತೆಗೆದಾಗ ಕೈಮೇಲೆ ಉಳಿಯುತ್ತದಲ್ಲ, ಹಾಗೆ. ಗೀರಿನೊಳಗೆ ಹಸಿರು ಕಿಲುಬು. ಉಗುರಿನಿಂದ ಕೆರೆದರೆ ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಹೊರಗಿನ ಡಬ್ಬಿ ದಿನಪೂರ್ತಿ ಸಣ್ಣಗೆ ನಡುಗುತ್ತಿರುತ್ತದೆ. ಒಂದೊಂದು ನಡುಕಕ್ಕೂ ನನ್ನ ತಂತಿ ಪೈಪನ್ನು ಉಜ್ಜಿದೆ, ಮೇಲಿನಿಂದ ನಿಂಬೆಯ ಹುಳಿ ಇಳಿದಿದೆ. ಇಲ್ಲಿ ಕಟ್ಟಿ ಮೂರೇ ತಿಂಗಳು. ಕಂಪ್ಲಿಯಲ್ಲಿ ಕಟ್ಟಿ ಎಂಟು ತಿಂಗಳಾಗಿತ್ತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಮಾವನ ದಾರ ಹರಿದು ಬೀಳುತ್ತಿತ್ತು ನಿಜ, ಆದರೆ ಅದು ಯಾರ ಪೈಪನ್ನೂ ಕೊಯ್ದಿರಲಿಲ್ಲ.

ಕಮಲಾಪುರದ ಬಾಳೆತೋಟ ದಾಟಿ ಕಂಪ್ಲಿಗೆ ಹೇಗೆ ಹೋದೆನೋ ಗೊತ್ತಿಲ್ಲ. ಮಾಳಿಗೆ ಹತ್ತಿ ಮೊದಲು ತಂತಿ ಕತ್ತರಿಸಿದೆ. ಶಾಂತಮ್ಮನವರು ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಕುಂಕುಮ ಒರೆಸಿ ನೊರೆ ಹಚ್ಚಿದ ತಕ್ಷಣ ಗೀರಿನ ನಡುವಿನಿಂದ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಒಡೆಯಿತು. ಇನ್ನೊಂದು ಎದ್ದಿತು.

"ಸಿಕ್ತೇನು?" ಎಂದರು. "ಏನಾಗಿತ್ತವಾ?"

ನಮ್ಮ ಕಸುಬಿನಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರಗಳು ಬೇಕಾದಷ್ಟಿವೆ. ಮಾಲೇ ಹಿಂಗ ಬರಾಕತ್ತೈತಿ. ಇಲಿ ಕಡದೈತಿ. ಕರೆಂಟ್ ಏರುಪೇರು. ಮೂರೂ ನಾಲಿಗೆಯ ತುದಿಗೆ ಬಂದವು, ಸುಳ್ಳೇಕೆ ಹೇಳಲಿ. ಯಾವುದನ್ನು ಹೇಳಿದ್ದರೂ ಆ ಕೊಡೆ ನನ್ನ ತಲೆಯ ಮೇಲೆ ಹಾಗೇ ಇರುತ್ತಿತ್ತು. ಅದನ್ನು ಸಹಿಸುವುದು ಆಗಲಿಲ್ಲ.

"ತಪ್ಪು ನಂದು" ಎಂದೆ. "ನಮ್ಮ ಮಾವ ದಾರದಾಗ ಜಾಲರಿಗೆ ಕಟ್ತಿದ್ದ. ನಾ ಶ್ಯಾಣೇತನ ಮಾಡಿ ತಂತೀಲೆ ಪೈಪಿಗೆ ಬಿಗದೆ. ಅದ ಪೈಪ್ ಕೊರದೈತಿ. ಮೂರೂ ಸಲ ನಿಮ್ಮ ಮಷಿನ್ ನಿಂತಿದ್ದು ನನ್ನಿಂದ. ಆ ಎಣ್ಣಿ ಕಲೆ ನೋಡೀನಿ, ನೀವು ಹಚ್ಚಿದ್ದು ಅಂದ್ಕೊಂಡು ಬಿಟ್ಟೀನಿ."

ಅವರು ಕೊಡೆಯನ್ನು ಮಡಚಿ ಗೋಡೆಗೆ ಆನಿಸಿ, ಮೆಟ್ಟಿಲಿಳಿದು ಹೋದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರ ಲ್ಯಾಬು, ಅವರ ನಂಬಿಕೆ, ಮಾವನ ಮೂವತ್ತು ವರ್ಷದ ಹೆಸರು, ಎಲ್ಲ ಒಂದು ಸಾಸಿವೆಯಷ್ಟು ತೂತಿನಲ್ಲಿ ಹೋಯಿತು ಎಂದು ಅಳು ಬಂತು. ಅಳುತ್ತಲೇ ಕೆಲಸ ಮಾಡಿದೆ. ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು, ಒಳಗೆ ಮಸಿ ಕಟ್ಟದಂತೆ ಪೈಪಿನೊಳಗೆ ನೈಟ್ರೋಜನ್ ಹಾಯಿಸಿ, ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ತುಂಡು ಕೂರಿಸಿ ಬೆಸುಗೆ ಹಾಕಿದೆ. ಕಣ್ಣೀರು ತುಂಬಿದ ಕಣ್ಣಲ್ಲಿ ಬೆಸುಗೆ ಹಾಕಬಾರದು, ಯಾರಿಗೂ ಇದನ್ನು ಕಲಿಸಬೇಡಿ.

ಅರ್ಧ ತಾಸಿನ ಮೇಲೆ ಮೆಟ್ಟಿಲಲ್ಲಿ ಸಪ್ಪಳವಾಯಿತು. ಶಾಂತಮ್ಮನವರು ತಂಬಿಗೆಯಲ್ಲಿ ನೀರು ತಂದು ನನ್ನ ಪಕ್ಕದಲ್ಲಿಟ್ಟು, ಕೊಡೆ ಬಿಚ್ಚಿದರು.

"ಡಾಕ್ಟರ ಹತ್ರ ಹೋಗಿದ್ದೆ" ಎಂದರು. "ಕಾರಣ ಸಿಕ್ಕೈತಿ, ಸೋಮವಾರ ಒಂದಿನ ನೋಡ್ರಿ ಅಂದೆ. ಏನ್ ಕಾರಣ ಅಂದ್ರು, ಇದ್ದಿದ್ದ ಹೇಳಿದೆ. ಭಾಳ ಹೊತ್ತು ನಕ್ರು ಮಾರಾಯ್ತಿ."

ನಾನು ಬೆಸುಗೆಯ ಮಸಿ ಒರೆಸುತ್ತಲೇ ಇದ್ದೆ.

"ನಾನೂ ಪ್ರತಿ ಶುಕ್ರವಾರ ಇಲ್ಲಿ ಕುಂಕುಮ ಹಚ್ಚೀನಿ. ನಾ ಹಚ್ಚಿದ್ದಕ್ಕಿಂತ ಎಣ್ಣಿ ಜಾಸ್ತಿ ಐತಲ್ಲ ಅಂತ ಒಂದಿನಾರ ಅನ್ನಿಸಬೇಕಿತ್ತಲ್ಲ? ಮಂದಿ ರಕ್ತದಾಗ ಏನೈತಿ ಅಂತ ಹುಡುಕಾಕಿ ನಾ." ಬಗ್ಗಿ ಬೆಸುಗೆ ನೋಡಿ, "ಇನ್ನ ಸೋರಂಗಿಲ್ಲ ಹೌದಿಲ್ಲೊ?" ಎಂದು ಕೇಳಿದರು.

"ನಾಳಿ ಹೇಳ್ತೀನಿ" ಎಂದೆ. ಅನ್ನಿಸುತ್ತದೆ ಎಂದು ಹೇಳುವ ಚಟ ನನಗೆ ಅಂದೇ ಬಿಟ್ಟುಹೋಯಿತು. ಪೈಪಿಗೆ ನೈಟ್ರೋಜನ್ ತುಂಬಿ, ಸೋರಿದರೆ ಕೆಳಗಿಳಿಯುವ ಗೇಜಿನ ಮುಳ್ಳು ನಿಂತ ಕಡೆ ಪೆನ್ನಿನಿಂದ ಗೆರೆ ಎಳೆದು ಊರಿಗೆ ಹೋದೆ. ಭಾನುವಾರ ಲ್ಯಾಬಿಗೆ ರಜೆ. ಬೆಳಿಗ್ಗೆ ಬಂದು ನೋಡಿದರೆ ಮುಳ್ಳು ಗೆರೆಯ ಮೇಲೇ ಇತ್ತು. ಪಂಪಿನಿಂದ ಗಾಳಿಯನ್ನೆಲ್ಲ ತೆಗೆದು, ತೂಕ ಮಾಡಿ ಹೊಸ ಗ್ಯಾಸ್ ಬಿಟ್ಟೆ. ಸೋಮವಾರ ಮಧ್ಯಾಹ್ನ ಎರಡರ ಉರಿಯಲ್ಲಿ ಒಳಕೋಣೆಯ ಬೆಂಚಿನ ಮೇಲೆ ನಾನೂ ಕೂತಿದ್ದೆ. ಮಷಿನ್ ಒಂದು ಸಲವೂ ಕೂಗಲಿಲ್ಲ. ಡಾಕ್ಟರು ಬಳ್ಳಾರಿಗೆ ಯಾರನ್ನೂ ಕಳಿಸಲಿಲ್ಲ.

ಮಾವನಿಗೆ ಎಲ್ಲ ಹೇಳಿದಾಗ ಅವನು ಕೆಮ್ಮು ಬರುವಷ್ಟು ನಕ್ಕ. ನಗು ಮುಗಿದ ಮೇಲೆ ಕೇಳಿದ, "ಹಂಗ ಎಷ್ಟು ಕಡೆ ಬಿಗದೀ?"

"ಹದಿನಾಲ್ಕು."

"ಹೋಗು. ಎಲ್ಲಾ ಬಿಚ್ಚು. ಯಾಕ ಬಿಚ್ಚಾಕತ್ತೀನಿ ಅಂತ ನೀನ ಹೇಳು. ಫೋನಿನ್ಯಾಗ ಅಲ್ಲ, ಮುಖ ನೋಡಿ."

ರೋಹಿಣಿ ಮಳೆ ಬರುವ ತನಕ ಅದೇ ಕೆಲಸವಾಯಿತು. ಒಂದೊಂದು ಮನೆಗೂ ಹೋಗಿ, ತಪ್ಪು ಹೇಳಿ, ತಂತಿ ಕತ್ತರಿಸಿ, ಗೀರು ಆಳವಾಗಿದ್ದ ಕಡೆ ಪೈಪ್ ಬದಲಿಸಿ, ಜಾಲರಿಗೆ ಕರಿ ದಾರದಲ್ಲಿ ಹೊಸ ಹಣ್ಣು ಕಟ್ಟಿದೆ. ಬೈದವರು ಇಬ್ಬರು. ಉಳಿದವರು ಮಜ್ಜಿಗೆ ಕೊಟ್ಟರು. ಸಂಡೂರಿನ ಅಜ್ಜಿ ಮಾತ್ರ ನನ್ನ ಕೈಯಲ್ಲಿದ್ದ ತಂತಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ದಾರ ಹರೀಬೇಕವಾ. ದೃಷ್ಟಿ ತಗೊಂಡು ಅದು ಹೊರಗ ಹೋಗಬೇಕು. ಹಿಂಗ ಬೇಡಿ ಹಾಕಿ ಕುಂದ್ರಿಸಿದ್ರ ಅದಾರ ಏನ್ ಮಾಡೀತು?" ಎಂದಳು. ಅವಳ ಮಾಳಿಗೆಯಿಂದ ಇಳಿಯುವಾಗ ದಪ್ಪ ಹನಿ ಬಿದ್ದವು, ಕೆಂಪು ಮಣ್ಣಿನ ವಾಸನೆ ಎದ್ದಿತು. ಹದಿನಾಲ್ಕನೆಯ ಮನೆ ಅದೇ. ನೆನೆದುಕೊಂಡೇ ಹೊಸಪೇಟೆಗೆ ಬಂದೆ, ಭಾಳ ದಿನದ ಮೇಲೆ ಹಾಡಿಕೊಳ್ಳುತ್ತಾ.

ಹೋದ ವಾರ ಕಂಪ್ಲಿಯ ಮಾಳಿಗೆ ಹತ್ತಿದೆನಲ್ಲ, ಅದನ್ನು ಹೇಳಿ ಮುಗಿಸುತ್ತೇನೆ. ಡಬ್ಬಿಯ ಪಕ್ಕದ ಗೋಡೆಗೆ, ಪೈಪಿನಿಂದ ಎರಡು ಮೊಳ ದೂರದಲ್ಲಿ, ಮೊಳೆ ಹೊಡೆದು ದಾರದಲ್ಲಿ ನಿಂಬೆಹಣ್ಣು ತೂಗುಬಿಟ್ಟಿದ್ದರು. ಅದರ ಕೆಳಗೆ, ರಕ್ತದ ಸೀಸೆಗಳ ಮೇಲೆ ಹೆಸರು ಬರೆಯುವ ಮಾರ್ಕರಿನಲ್ಲಿ, ಶಾಂತಮ್ಮನವರ ಗುಂಡು ಅಕ್ಷರ: "ಮೇಸ್ತ್ರಿ ರೇಣುಕಾ ಬರುವ ತನಕ ಪೈಪ್ ಯಾರೂ ಮುಟ್ಟಬಾರದು." ಎರಡು ಸಲ ಓದಿದೆ. ಬಿಸಿಲಿಗೆ ಅಕ್ಷರ ಸ್ವಲ್ಪ ಮಾಸಿತ್ತು, ಬರೆದು ಬಹಳ ದಿನವಾಗಿರಬೇಕು. ಹೋದ ಸಲ ಬಂದಾಗ ನಾನು ಗೋಡೆ ನೋಡಿರಲಿಲ್ಲ.

ಕೆಳಗಿಳಿದು ಬಂದಾಗ ಶರಬತ್ತು ತಯಾರಾಗಿತ್ತು. ಲೋಟ ಕೈಗೆ ತೆಗೆದುಕೊಂಡೆ, ಕುಡಿಯದೆ ಅದನ್ನೇ ನೋಡುತ್ತಾ ನಿಂತೆ. ಶಾಂತಮ್ಮನವರು ಮಷಿನ್ನಿನಿಂದ ಕಣ್ಣೆತ್ತದೆ ಹೇಳಿದರು, "ಕುಡೀರಿ ಮೇಸ್ತ್ರಿ. ಇದಕ್ಕ ತಂತಿ ಕಟ್ಟಿಲ್ಲ."